ಬಂದು ಹೋದ ಪೆಟ್ಟಿಗೆ

ಚಿಪ್ಪಣ್ಣ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. ಎಡಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡೇ ಇದ್ದ; ಹಲ್ಲುನೋವಿರಬೇಕು ಎಂದುಕೊಂಡೆ. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಒಮ್ಮೆ ನೋಡಿ, "ಯಾರು ಹೊಡೆದದ್ದು?" ಎಂದರು.

ಅವನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಹಳೆಯ ಕಂಪ್ಯೂಟರ್‌ಗಳನ್ನು ಬಿಚ್ಚಿ, ಕೆಟ್ಟದ್ದನ್ನು ಬೆಸೆದು, ನೆಟ್ಟಗಿರುವುದನ್ನು ಮಾರುವ ಸಣ್ಣ ಅಂಗಡಿ ಅವನದು. ಚಿಪ್ಪುಗಳ ಜೊತೆಗೇ ಬದುಕುವವನಾದ್ದರಿಂದ ಆ ಹೆಸರು ಅಂಟಿತ್ತು. ಈಗ ಗಿರಾಕಿಗಳು ರಿಪೇರಿಗೆ ಕೊಟ್ಟದ್ದನ್ನೆಲ್ಲ ವಾಪಸು ಒಯ್ಯುತ್ತಿದ್ದರಂತೆ. "ಹೆಸರಿಗೆ ತಕ್ಕ ಹಾಗೆ ಕೈಗೆ ಚಿಪ್ಪೇ ಬಂತು ಅತ್ತಿಗೆ," ಎಂದು ನಗಲು ನೋಡಿದ. ನಗು ಬರಲಿಲ್ಲ.

ನಮ್ಮ ಅತ್ತಿಗೆ ವಿಮಾ ಕಂಪನಿಯಲ್ಲಿದ್ದವರು. ಸುಟ್ಟುಹೋದ ಅಂಗಡಿ, ಗೋದಾಮುಗಳಲ್ಲಿ ಬೂದಿ ಕೆದಕಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಬೀದಿಯವರು ಅವರನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ. ನಾನು ಮೈದುನ. ಬ್ಯಾಟರಿ ಹಿಡಿಯುವುದು, ಕೇಳಿದ್ದನ್ನು ಕೇಳಿದಂತೆಯೇ ನೆನಪಿಡುವುದು ನನ್ನ ಪಾಲಿನ ಕೆಲಸ. ಪದ್ಯಗಳನ್ನು ಪುಸ್ತಕದಿಂದಲ್ಲ, ಓದುವವರ ಬಾಯಿಂದಲೇ ಕಲಿತು ಬೆಳೆದವನು. ಕಿವಿಗೆ ಬಿದ್ದ ಮಾತು ಅಕ್ಷರ ಜಾರದೆ ನಿಲ್ಲುತ್ತದೆ. ದೇವರ ಮುಂದೆ ಕೂತರೆ ಬೇಗ ಏಳುವುದಿಲ್ಲವೆಂದು ಅತ್ತಿಗೆ ನನ್ನನ್ನು ಭಕ್ತ ಎನ್ನುತ್ತಾರೆ.

ಹೊಡೆದವರು ಪುಸ್ತಕ ಬೈಂಡ್ ಮಾಡುವ ಅಣ್ಣನವರು. ಕೇಳಿ ನನಗೆ ನಂಬಿಕೆಯೇ ಬರಲಿಲ್ಲ. ದನಿ ಎತ್ತಿ ಮಾತಾಡಿದ್ದನ್ನೇ ಯಾರೂ ಕೇಳಿರದ ಮನುಷ್ಯ. ಅವರ ತಾಯಿ ಪದ್ಯ ಓದುವುದನ್ನು ಕೇಳಲು ನಾನು ಎಷ್ಟೋ ಸಂಜೆ ಆ ಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಪುಸ್ತಕ ಮುಟ್ಟದೆ, ಕಣ್ಣು ಮುಚ್ಚಿ, ಸಾಲಿನ ನಡುವೆ ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿ ಓದುತ್ತಿದ್ದ ಅಮ್ಮ ಅವರು. ಆಮೇಲೆ ಲಕ್ವ ಹೊಡೆದು ಮಾತು ಪೂರ್ತಿ ಹೋಯಿತು. ಅದೃಷ್ಟಕ್ಕೆ, ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಕಿರಿಯ ಮಗ ಆ ದನಿಯನ್ನೆಲ್ಲ ಮೊದಲೇ ಮುದ್ರಿಸಿ ಇಟ್ಟಿದ್ದ. ಅದನ್ನು ಕಾಪಾಡಲೆಂದೇ ಚಿಪ್ಪಣ್ಣನಿಂದ ಒಂದು ಹಳೆಯ, ಪುಟ್ಟ ಮದರ್‌ಬೋರ್ಡ್ ಕೊಂಡು ಮನೆಯಲ್ಲೇ ಸರ್ವರ್ ಮಾಡಿದ್ದ. ಎರಡು ಡಿಸ್ಕ್, ಒಂದರಲ್ಲಿರುವುದರ ಪಡಿಯಚ್ಚು ಇನ್ನೊಂದರಲ್ಲಿ. ಅದು ಹಗಲೂ ರಾತ್ರಿ ಅಮ್ಮನ ಮಂಚದ ಪಕ್ಕದ ಕಪಾಟಿನಲ್ಲಿ ಓಡುತ್ತಿತ್ತು. ಬೆಳಗಾದರೆ ಅಮ್ಮ ತಮ್ಮದೇ ದನಿ ಕೇಳುತ್ತಾ ಮಲಗಿರುತ್ತಿದ್ದರು.

"ಮೊನ್ನೆ ಬೆಳಗ್ಗೆ ಆ ಯಂತ್ರ ಶುರುವಾಗಲೇ ಇಲ್ಲವಂತೆ," ಎಂದ ಚಿಪ್ಪಣ್ಣ. "ಬೈಂಡರಣ್ಣ ನೆಟ್ಟಗೆ ಅಂಗಡಿಗೆ ಬಂದ್ರು. ಜನ ತುಂಬಿದ್ರು. 'ನಿನ್ನ ಹಳೇ ಬೋರ್ಡು ನಮ್ಮಮ್ಮನ ಎರಡೂ ಡಿಸ್ಕ್ ಸುಟ್ಟುಹಾಕ್ತಲ್ಲೋ' ಅಂದವರೇ ಕೈ ಎತ್ತಿಬಿಟ್ರು. ನಾನು ಚೆಕ್ ಮಾಡದೆ ಕೊಟ್ಟಿಲ್ಲ ಅತ್ತಿಗೆ. ಆದ್ರೆ ಆ ಅಮ್ಮನ ದನಿ ಹೋಗಿದ್ದು ನಿಜ ತಾನೆ. ಹೊಡೆದಿದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತೆ."

ಆ ಬೋರ್ಡಿಗೆ ಕರೆಂಟು ಎಲ್ಲಿಂದ ಬರುತ್ತಿತ್ತು ಎಂದು ಅತ್ತಿಗೆ ಕೇಳಿದರು. ಮನೆಯಲ್ಲಿ ಬಿದ್ದಿದ್ದ ಹಳೆಯ ದೊಡ್ಡ ಪವರ್ ಪೆಟ್ಟಿಗೆಯಿಂದ ಎಂದ. ಅದು ಬೇಡ ಎಂದು ತಾನು ಆಗಲೇ ಹೇಳಿದ್ದನಂತೆ: ಬೋರ್ಡು ಕುಡಿಯುವುದು ಒಂದು ಗುಟುಕು, ಅಷ್ಟಕ್ಕೆ ಅಂಥ ಪೆಟ್ಟಿಗೆ ಇಟ್ಟರೆ ಒಂದು ಲೋಟ ನೀರು ಕಾಯಿಸಲು ಹಂಡೆಯ ಒಲೆ ಹೊತ್ತಿಸಿದ ಹಾಗೆ, ಅರ್ಧ ಕರೆಂಟು ಬರೀ ಬಿಸಿಯಾಗಿ ಹೋಗುತ್ತದೆ, ಸಣ್ಣದೊಂದು ಹಾಕಿಕೊಳ್ಳಿ. ಅಣ್ಣತಮ್ಮ ಇಬ್ಬರೂ ಕೇಳಿಸಿಕೊಂಡಿದ್ದರು. ಆಮೇಲೆ ನೋಡೋಣ ಎಂದಿದ್ದ ಕಿರಿಯವನು.

ಅತ್ತಿಗೆ ಎದ್ದರು. "ಭಕ್ತ, ಬ್ಯಾಟರಿ ತಗೋ. ನೀನು ಇಲ್ಲೇ ಇರಪ್ಪ ಚಿಪ್ಪಣ್ಣ. ಹೇಳಿಕಳಿಸ್ತೀನಿ."

ಆ ಮನೆಯಲ್ಲಿ ಅಂಟಿನ ವಾಸನೆ, ಮೂಲೆಯಲ್ಲಿ ಒತ್ತುಯಂತ್ರ, ಹೊಲಿಗೆಗೆ ಕಾದಿದ್ದ ಹಾಳೆಗಳ ಅಟ್ಟಿ. ಬೈಂಡರಣ್ಣ ಮರ್ಯಾದೆಯಿಂದಲೇ ಕುರ್ಚಿ ಹಾಕಿದರು. "ಅವನ ವಕಾಲತ್ತಿಗೆ ಬಂದ್ರಾ?" ಎಂದರು. ದನಿ ತಗ್ಗಿತ್ತು, ಆದರೆ ಕಣ್ಣು ಅತ್ತಿಗೆಯ ಕೈಚೀಲದ ಮೇಲಿತ್ತು.

ಕಿರಿಯವನು ಗೋಡೆಗೆ ಒರಗಿ ನಿಂತಿದ್ದ. ಹೊಸ ಬೋರ್ಡ್ ಕೊಳ್ಳದೆ ಹಳೆಯದಕ್ಕೆ ಆಸೆಪಟ್ಟ ತನ್ನ ಜಿಪುಣತನವೇ ಅಮ್ಮನ ದನಿ ನುಂಗಿತು ಎಂದು ನೆಲ ನೋಡುತ್ತಾ ಹೇಳಿದ. ಯಂತ್ರದ ಮುಚ್ಚಳ ತೆಗೆದು ನೋಡಲು ಈವರೆಗೂ ಮನಸ್ಸು ಬಂದಿಲ್ಲ ಎಂದ. ಅವನ ಹೆಂಡತಿ ಅತ್ತಿಗೆಯನ್ನು ಅಡುಗೆಮನೆಗೆ ಕರೆದೊಯ್ದು ಅತ್ತಳು; ಬಾಗಿಲ ಬಳಿ ಇದ್ದ ನನಗೂ ಕೇಳಿಸಿತು. ಇಸ್ತ್ರಿ ಪೆಟ್ಟಿಗೆ ಹಾಕಲು ತಾನು ಆಗಾಗ ಆ ಯಂತ್ರದ ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದಳಂತೆ. "ನಾನೇ ಕೊಂದೆ ಅನ್ಸುತ್ತೆ ಅತ್ತಿಗೆ. ಯಾರಿಗೂ ಹೇಳಿಲ್ಲ. ಅತ್ತೆ ಮುಖ ನೋಡೋಕಾಗ್ತಿಲ್ಲ." ಅತ್ತೆ ಊಟ ಮಾಡುತ್ತಿದ್ದಾರಾ ಎಂದು ಅತ್ತಿಗೆ ಕೇಳಿದರು. ತನ್ನ ಕೈಯಿಂದ ತಿನ್ನುತ್ತಾರೆ, ಭಾವ ತುತ್ತು ಹಿಡಿದರೆ ಮಾತ್ರ ಗೋಡೆಗೆ ತಿರುಗುತ್ತಾರೆ, ದುಃಖಕ್ಕೆ ಹಾಗಾಗಿರಬೇಕು ಎಂದಳು.

ಇಡೀ ಮನೆ ನಾಚಿಕೆಯಲ್ಲಿ ಕುಗ್ಗಿಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೊರಗಿನಿಂದ ಬಂದ ನನಗೇ ಎಲ್ಲಿ ಕಣ್ಣಿಡಬೇಕೆಂದು ತಿಳಿಯಲಿಲ್ಲ.

ಅಮ್ಮನ ಕೋಣೆಯಲ್ಲಿ ಅತ್ತಿಗೆ ಯಂತ್ರದ ಮುಚ್ಚಳ ತೆಗೆದರು. ಒಳಗಿನ ತಂತಿಗಳನ್ನು ಹೊಲಿಗೆ ದಾರದಿಂದ ಎರಡು ಕಟ್ಟಾಗಿ ಬಿಗಿದಿದ್ದರು, ಗೇಣಿಗೊಂದು ಗಂಟು. ಪೆಟ್ಟಿಗೆಯಿಂದಲೇ ಹೊರಟು ಬೋರ್ಡಿಗೆ ಹೋಗುವ ದಪ್ಪ ಕಟ್ಟು ಒಂದು. ಡಿಸ್ಕುಗಳಿಗೆ ಹೋಗುವ ತೆಳು ಕಟ್ಟು ಇನ್ನೊಂದು. ಇದು ಪೆಟ್ಟಿಗೆಗೆ ಪ್ಲಗ್ಗಿನಿಂದ ಸಿಕ್ಕಿಸುವಂಥದ್ದು, ಬೇಕೆಂದರೆ ಬಿಡಿಸಬಹುದು. "ಚಂದ ಕಟ್ಟಿದ್ದೀರಿ," ಎಂದರು ಅತ್ತಿಗೆ. ಬೈಂಡರಣ್ಣ ತಲೆಯಾಡಿಸಿದರು. ಬ್ಯಾಟರಿ ಬೆಳಕಿನಲ್ಲಿ ನಾನೂ ನೋಡಿದೆ: ತೆಳು ಕಟ್ಟಿನ ದಾರ ಧೂಳು ಹಿಡಿದು ಕಂದಿತ್ತು, ದಪ್ಪ ಕಟ್ಟಿನ ದಾರ ಬೆಳ್ಳಗಿತ್ತು. ಹಿಂಬದಿಯ ತಗಡಿನಲ್ಲಿ, ಪವರ್ ಪೆಟ್ಟಿಗೆ ಕೂರುವಲ್ಲಿ, ಬಣ್ಣ ಎದ್ದ ಹೊಸ ಗೀರು.

ಅತ್ತಿಗೆ ಡಿಸ್ಕುಗಳ ಪ್ಲಗ್ಗನ್ನು ಕಿತ್ತು ಯಂತ್ರದ ಗುಂಡಿ ಒತ್ತಿದರು. ಸತ್ತಿದೆ ಎನ್ನುತ್ತಿದ್ದ ಬೋರ್ಡು ಹಸಿರು ದೀಪ ಹೊತ್ತಿಸಿ ಸದ್ದಿಲ್ಲದೆ ಓಡತೊಡಗಿತು. ಕಿರಿಯವನು ಗೋಡೆ ಬಿಟ್ಟು ಮುಂದೆ ಬಂದ. ಅತ್ತಿಗೆ ಕೈಚೀಲದಿಂದ ಕರೆಂಟು ಅಳೆಯುವ ಮೀಟರ್ ತೆಗೆದು ಪೆಟ್ಟಿಗೆಯ ಒಂದೊಂದು ತುದಿಯನ್ನೂ ಅಳೆದರು. ಐದು ವೋಲ್ಟ್ ಬರಬೇಕಾದಲ್ಲಿ ಐದು, ಹನ್ನೆರಡು ಬರಬೇಕಾದಲ್ಲಿ ಹನ್ನೆರಡು. ಕೊನೆಗೆ ಎರಡು ಡಿಸ್ಕನ್ನೂ ತಿರುಗಿಸಿ ಭೂತಗನ್ನಡಿ ಹಿಡಿದರು. ಎರಡರಲ್ಲೂ, ಕರೆಂಟು ಒಳಬರುವ ಬಾಯಲ್ಲಿ, ಎಳ್ಳಿನಷ್ಟು ಗಾತ್ರದ ಒಂದೇ ಭಾಗ ಕಪ್ಪಾಗಿತ್ತು.

"ಭಕ್ತ, ಚಿಪ್ಪಣ್ಣನ್ನ ಕರ್ಕೊಂಡು ಬಾ. ಎಲ್ಲರೂ ಇಲ್ಲೇ ಇರಿ. ಅಮ್ಮನ ಎದುರಿಗೇ ಮಾತಾಡೋಣ."

ಚಿಪ್ಪಣ್ಣ ಬಂದು ಬಾಗಿಲಲ್ಲೇ ನಿಂತ. ಅವನು ಬಂದ ಕೂಡಲೇ ಬೈಂಡರಣ್ಣ ಕಿಟಕಿಯ ಕಡೆ ಮುಖ ಮಾಡಿದರು. ಅತ್ತಿಗೆ ಮಂಚದ ತುದಿಯಲ್ಲಿ ಕೂತು, ಅಮ್ಮನ ಕಾಲಿನ ಹೊದಿಕೆ ಸರಿಪಡಿಸುತ್ತಾ ಶುರುಮಾಡಿದರು.

ಬೋರ್ಡು ಸತ್ತಿರಲಿಲ್ಲ. ಸುಟ್ಟ ಡಿಸ್ಕುಗಳು ಕರೆಂಟಿನ ದಾರಿಗೆ ಅಡ್ಡ ಬಿದ್ದಿದ್ದರಿಂದ ಪೆಟ್ಟಿಗೆ ತನ್ನ ರಕ್ಷಣೆಗೆ ತಾನೇ ಆರಿಹೋಗುತ್ತಿತ್ತು, ಅಷ್ಟೆ. ಅವನ್ನು ಬಿಡಿಸಿದರೆ ಎಲ್ಲ ಸರಿ. ಇನ್ನು ಡಿಸ್ಕುಗಳು ಕರೆಂಟು ಪಡೆಯುವುದು ಬೋರ್ಡಿನಿಂದಲ್ಲ, ನೇರ ಪೆಟ್ಟಿಗೆಯಿಂದ. ಹಾಗಾಗಿ ಅವನ್ನು ಸುಡಲು ಬೋರ್ಡಿಗೆ ಸಾಧ್ಯವೇ ಇಲ್ಲ. ಪ್ಲಗ್ ಕಿತ್ತರೆ ಡಿಸ್ಕಿನ ಒಳಗಿನ ಬರಹ ಕೆಡಬಹುದು, ಬಾಯಿ ಸುಡುವುದಿಲ್ಲ. ಹಾಗಾಗಿ ಸೊಸೆಯದೂ ಅಲ್ಲ. ಐದು ವೋಲ್ಟಿನ ಜಾಗಕ್ಕೆ ಹನ್ನೆರಡು ನುಗ್ಗಿದರೆ ಮಾತ್ರ ಆ ಎಳ್ಳಿನಂಥ ಭಾಗ ಹೀಗಾಗುವುದು. ಆದರೆ ಅಲ್ಲಿದ್ದ ಪೆಟ್ಟಿಗೆ ಅಳತೆಗೆ ಸರಿಯಾಗಿತ್ತು.

"ಬೋರ್ಡೂ ನಿರಪರಾಧಿ, ಪೆಟ್ಟಿಗೆಯೂ ನಿರಪರಾಧಿ," ಎಂದರು ಅತ್ತಿಗೆ. "ಅಂದ್ರೆ ಮಧ್ಯೆ ಇನ್ನೊಂದು ಪೆಟ್ಟಿಗೆ ಬಂದು ಹೋಗಿದೆ. ಸಣ್ಣದು. ದೊಡ್ಡದರ ಜಾಗದಲ್ಲಿ ಅದು ಕೂರಬೇಕಾದ್ರೆ ಒಂದು ತಗಡಿನ ಪಟ್ಟಿ ಬೇಕು. ಆ ಪಟ್ಟಿ ಉಜ್ಜಿದ ಗೀರು ಹಿಂದೆ ಇದೆ."

ಕರೆಂಟು ಉಳಿಸಲೆಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಸಣ್ಣ ಪೆಟ್ಟಿಗೆ ತಂದಿದ್ದರು. ಬೋರ್ಡಿನ ದಪ್ಪ ಕಟ್ಟು ಹಳೆಯ ಪೆಟ್ಟಿಗೆಗೇ ಅಂಟಿಕೊಂಡಿದ್ದರಿಂದ ಅದರ ದಾರ ಕತ್ತರಿಸಲೇಬೇಕಾಯಿತು. ಡಿಸ್ಕಿನ ತೆಳು ಕಟ್ಟನ್ನು ಮಾತ್ರ ಹಾಗೇ ಬಿಟ್ಟರು, ಅದರ ಪ್ಲಗ್ಗು ಹೊಸ ಪೆಟ್ಟಿಗೆಗೂ ಸಲೀಸಾಗಿ ಸಿಕ್ಕಿಕೊಂಡಿತ್ತು. ಆದರೆ ಒಬ್ಬ ತಯಾರಕರ ಪೆಟ್ಟಿಗೆಯಲ್ಲಿ ಐದು ವೋಲ್ಟ್ ಬರುವ ಪ್ಲಗ್ಗಿನ ಪಿನ್ನಿನಲ್ಲೇ ಇನ್ನೊಬ್ಬರದರಲ್ಲಿ ಹನ್ನೆರಡು ಬರಬಹುದು. ಬಾಯಿ ಒಂದೇ ಆಕಾರ, ಒಳಗಿನ ಕ್ರಮ ಬೇರೆ.

"ಬೇರೆ ಯಾರೇ ಆಗಿದ್ರೂ ಹೊಸ ಪೆಟ್ಟಿಗೆ ಜೊತೆ ಬಂದ ತಂತಿಯನ್ನೇ ಹಾಕ್ತಿದ್ರು. ತಾನೇ ಕೂತು ಅಷ್ಟು ಚಂದ ಹೊಲಿದ ಕಟ್ಟನ್ನ ಕತ್ತರಿಸೋಕೆ ಮನಸ್ಸು ಬಾರದವರು ಮಾತ್ರ ಈ ತಪ್ಪು ಮಾಡೋದು. ಆಮೇಲೆ ಹಳೇ ಪೆಟ್ಟಿಗೆ ವಾಪಸು ಇಟ್ಟು, ದಪ್ಪ ಕಟ್ಟಿಗೆ ಬಿಳೀ ದಾರದಲ್ಲಿ ಅದೇ ಗಂಟು ಹಾಕಿದ್ರು." ಅತ್ತಿಗೆ ನನ್ನ ಕಡೆ ತಿರುಗಿದರು. "ಭಕ್ತ, ಅಂಗಡೀಲಿ ಏನಂದ್ರು ಅಂತ ಚಿಪ್ಪಣ್ಣ ಹೇಳಿದ?"

"'ನಿನ್ನ ಹಳೇ ಬೋರ್ಡು ನಮ್ಮಮ್ಮನ ಎರಡೂ ಡಿಸ್ಕ್ ಸುಟ್ಟುಹಾಕ್ತಲ್ಲೋ'," ಎಂದೆ.

"ಯಂತ್ರ ಶುರುವಾಗಲಿಲ್ಲ ಅನ್ನೋದಷ್ಟೇ ಆಗ ಈ ಮನೆಗೆ ಗೊತ್ತಿದ್ದದ್ದು. ಮುಚ್ಚಳ ಯಾರೂ ತೆಗೆದಿರಲಿಲ್ಲ. ಡಿಸ್ಕ್ ಸುಟ್ಟದ್ದು, ಅದೂ ಎರಡೂ, ಹೊಗೆ ಕಂಡವರಿಗೆ ಮಾತ್ರ ಗೊತ್ತು."

ಕಿರಿಯವನು ಅಣ್ಣನನ್ನು ನೋಡಿ, ನೋಡಬಾರದ್ದನ್ನು ನೋಡಿದಂತೆ ತಟ್ಟನೆ ಬೇರೆ ಕಡೆ ತಿರುಗಿದ.

ಅತ್ತಿಗೆಯ ದನಿ ಇನ್ನೂ ತಗ್ಗಿತು. "ಇದಕ್ಕೊಬ್ಬ ಸಾಕ್ಷಿ ಇದ್ದಾರೆ. ಈ ಕೋಣೆ ಬಿಟ್ಟು ಅಲ್ಲಾಡದವರು. ಮಾತು ಹೋಗಿದೆ, ತಲೆ ಆಡಿಸೋಕೆ ಬರುತ್ತೆ. ಯಾರ ಕೈ ತುತ್ತು ಬೇಡ ಅಂತ ಆಗಲೇ ಹೇಳಿದ್ದಾರೆ. ಯಾರೂ ಅವರನ್ನ ಕೇಳಲಿಲ್ಲ. ನಾನೂ ಕೇಳಲ್ಲ. ಹೆತ್ತವರ ಕೈಲಿ ಮಗನ ಮೇಲೆ ಸಾಕ್ಷಿ ಹೇಳಿಸೋದು ಬೇಡ. ನೀವೇ ಹೇಳಿ."

ಬೈಂಡರಣ್ಣ ಕಿಟಕಿಯ ಸರಳು ಹಿಡಿದುಕೊಂಡರು. ಆ ಸಣ್ಣ ಪೆಟ್ಟಿಗೆ ಒತ್ತುಯಂತ್ರದ ಹಿಂದೆ ರದ್ದಿಯಲ್ಲಿದೆ ಎಂದರು. ತಮ್ಮನೇ ಬೋರ್ಡು ತಂದ, ಅವನೇ ಅಮ್ಮನ ದನಿ ಉಳಿಸಿದ, ಅದರಲ್ಲಿ ತನ್ನದೂ ಒಂದು ಕೈ ಇರಲಿ ಎಂದು ಆಸೆಯಾಗಿತ್ತು ಎಂದರು. ಗುಂಡಿ ಒತ್ತಿದೊಡನೆ ಹೊಗೆ ಬಂದಾಗ ಅಮ್ಮ ಎಚ್ಚರವಾಗಿ ನೋಡುತ್ತಿದ್ದರಂತೆ.

"ಅಮ್ಮನ ಕಣ್ಣೆದುರೇ ಎಲ್ಲಾ ಮೊದಲಿನ ಹಾಗೆ ಕಟ್ಟಿಟ್ಟೆ. ಅವಳು ಹೇಳಲಾರಳು ಅಂತ ಗೊತ್ತಿತ್ತು." ಹಣೆಯನ್ನು ಸರಳಿಗೆ ಆನಿಸಿದರು. "ಹೊಡೆದಿದ್ದಕ್ಕಿಂತ ಅದೇ... ಅವಳ ಮಾತು ಹೋದದ್ದು ನನಗೆ ಅನುಕೂಲ ಅನ್ನಿಸ್ತಲ್ಲ, ಆ ಗಳಿಗೆ."

ಅಮ್ಮ ಕಣ್ಣು ಮುಚ್ಚಿದ್ದರು; ರೆಪ್ಪೆಯಡಿಯಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ನನಗೆ ಬಾಯಲ್ಲಿ ದೇವರ ಹೆಸರೂ ಬರಲಿಲ್ಲ.

ಮೊದಲು ಅಲುಗಿದವನು ಚಿಪ್ಪಣ್ಣ. ಕಪಾಟಿನ ಬಳಿ ಹೋಗಿ ಡಿಸ್ಕುಗಳನ್ನು ಎತ್ತಿ ಬೆಳಕಿಗೆ ಹಿಡಿದ. ಆ ಕಪ್ಪಾದ ಭಾಗ ಕಾವಲುಗಾರನಂತೆ, ಒಳಗಿನದನ್ನು ಉಳಿಸಲು ತಾನು ಸತ್ತಿರಬಹುದು, ಕಿತ್ತು ನೋಡುತ್ತೇನೆ ಎಂದ. ಅಂಗಡಿಗೆ ಒಯ್ದು ಸಂಜೆಗೆ ತಂದ. ಒಂದು ಡಿಸ್ಕ್ ಏಳಲೇ ಇಲ್ಲ. ಇನ್ನೊಂದು ಎದ್ದಿತು. ಹೊಸ ಡಿಸ್ಕಿಗೆ ಎಲ್ಲ ನಕಲಾದ ಮೇಲೆ ಕಿರಿಯವನು ಹಾಕಿದ. ಕೋಣೆಯಲ್ಲಿ ಅಮ್ಮನ ದನಿ, ನಾನು ಹೊಸ್ತಿಲಲ್ಲಿ ಕೂತು ಕೇಳಿದ್ದ ಅದೇ ದನಿ, ಅದೇ ಜಾಗದಲ್ಲಿ ಉಸಿರು ನಿಲ್ಲಿಸಿ ಮುಂದುವರಿಯಿತು. ಬೈಂಡರಣ್ಣ ಒಳಗೆ ಬರಲಿಲ್ಲ. ಅಂಗಳದಲ್ಲಿ ಚಿಪ್ಪಣ್ಣನಿಗೆ ಅಡ್ಡ ನಿಂತು ಕೈ ಮುಗಿದರು.

ಚಿಪ್ಪಣ್ಣ ಹಿಂದೆ ಸರಿದ. "ಇಲ್ಲಿ ಬೇಡ ಅಣ್ಣ. ನೀವು ಮನೆಯೊಳಗೆ ಹೊಡೆದಿದ್ರೆ ಮನೆಯೊಳಗೇ ಮುಗೀತಿತ್ತು. ಅಂಗಡೀಲಿ ಹೊಡೆದ್ರಿ."

ಮರುದಿನ ನಾನೂ ಅತ್ತಿಗೆಯೂ ಆ ದಾರಿಯಲ್ಲಿ ಹೋಗುವಾಗ ಬೈಂಡರಣ್ಣ ಚಿಪ್ಪಣ್ಣನ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಬಂದವರೆಲ್ಲರಿಗೂ ಎದ್ದು ನಿಂತು ಹೇಳುತ್ತಿದ್ದರು: ಹೊಡೆದದ್ದು ನಾನು, ಬೋರ್ಡು ಚೆನ್ನಾಗಿತ್ತು, ಕೆಡಿಸಿದ್ದೂ ನಾನೇ. ಒಬ್ಬ ಹೆಂಗಸು ಫೋನಿನ ಚಾರ್ಜರ್ ಇದೆಯಾ ಎಂದು ಕೇಳಲು ಬಂದಿದ್ದಳು. ಅವಳಿಗೂ ಹೇಳಿದರು. ಅವಳು ಕಕ್ಕಾಬಿಕ್ಕಿಯಾಗಿ ಇಬ್ಬರ ಮುಖವನ್ನೂ ನೋಡಿದಳು.

ಚಿಪ್ಪಣ್ಣನ ಕಿವಿ ಕೆಂಪಾಗಿತ್ತು. "ಅಣ್ಣ, ಪಾಪ ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಸಾಕು ಬಿಡಿ. ಮನೆಗೆ ಹೋಗಿ."

"ಇನ್ನೂ ಬರೋರಿದ್ದಾರೆ," ಎಂದು ಬೈಂಡರಣ್ಣ ಮತ್ತೆ ಸ್ಟೂಲಿನ ಮೇಲೆ ಕೂತರು.