ಅವಳ ಬಾಣಕ್ಕೆ ಮಾತ್ರ ದಾರ

“ಅಲ್ಲಿಂದ ನಿಮ್ಮ ಬಾಣ ತಾಗಕ್ಕಿಲ್ಲ ಕಣ್ರೀ.”

ಹಾಗೆಂದವನ ಮುಖವನ್ನು ಸಂಘಮಿತ್ರ ಆಗಷ್ಟೇ ಸರಿಯಾಗಿ ನೋಡಿದ್ದು. ಬಿಳಿಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಅವಳು. ಆಟ ಆಡಲು ಬಂದ ಮೊದಲ ಭಾನುವಾರವೇ, ಪರಿಚಯವಿಲ್ಲದ ಗಂಡಸೊಬ್ಬ ತಪ್ಪು ಹುಡುಕುವುದೆಂದರೆ!

“ಯಾಕೆ ತಾಗಲ್ಲ? ನನಗೆ ಅವನು ಕಾಣ್ತಿದ್ದಾನಲ್ಲ.”

“ಅರ್ಧ ಕಾಣ್ತಾವ್ನೆ. ಉಳಿದರ್ಧ ಮರದ ಹಿಂದೆ.”

ಮರವೆಂದರೆ ಬೆಂಕಿಪೊಟ್ಟಣ. ಅವನು ಎಂದರೆ ಅದರ ಹಿಂದಿದ್ದ ಒಂದು ಕಡಲೆಕಾಯಿ. ಹುಣಸೂರಿನ ಆಚೆ, ಹಂಗಾಮು ಮುಗಿದು ಖಾಲಿ ಬಿದ್ದ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ಒಂದು ಹಳೇ ಮೇಜು. ಅದರ ಮೇಲೆ ಚೌಕುಳಿ ಎಳೆದ ಹಾಳೆ. ಹುಣಸೆಬೀಜಗಳು ಆಡುವವರು, ಕಡಲೆಕಾಯಿಗಳು ಶತ್ರುಗಳು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಬದುಕುತ್ತಾರೆ. ಏಟು ಬಿತ್ತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಷ್ಟೇ ಆಟ.

ಕಥೆ ನಡೆಸುವವನು, ಈಗ ತಪ್ಪು ಹುಡುಕಿದವನೂ, ಚೆನ್ನ. ಎಚ್.ಡಿ. ಕೋಟೆ ಕಡೆಯ ಗಿರಿಜನರ ಹಾಡಿಯವನು, ಕಾಡಿನಲ್ಲಿ ವಾಚರ್ ಕೆಲಸ. ಇಂಗ್ಲಿಷಿನ ನಿಯಮಗಳು ಎಲ್ಲರಿಗೂ ಅರ್ಥವಾಗಲ್ಲ ಅಂತ ಇನ್ನೂರು ಪುಟದ ನೋಟ್‌ಬುಕ್ಕಿನ ತುಂಬ ತಾನೇ ಕನ್ನಡದಲ್ಲಿ ಬರೆದಿದ್ದ. ದೂರದಿಂದ ಹೊಡೆಯುವವರಿಗೆ ಅರೆಮರೆ ಅಡ್ಡ ಬಂದರೆ ದಾಳದ ಅಂಕದಲ್ಲಿ ಎರಡು ಕಡಿತ, ಸಂಘಮಿತ್ರಳ ಏಟು ತಪ್ಪಿದ್ದು ಅದರಿಂದಲೇ. ಮುಕ್ಕಾಲು ಮರೆಗೆ ಐದು. ಪೂರ್ತಿ ಮರೆಯಾದರೆ ಬಾಣ ಬಿಡುವ ಹಾಗೇ ಇಲ್ಲ. ಲಂಟಾನ ಪೊದೆ ಕಣ್ಣಿಗಷ್ಟೇ ಮರೆ, ಬಾಣ ತಡೆಯೋದಿಲ್ಲ. ಹೊನ್ನೆ ಮರದ ಬುಡ ಎರಡಕ್ಕೂ ಮರೆ. ಕಾಡಿನಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಪೊದೆಗೆ ಓಡಿದವನ ಪಾಡೇನು ಎಂದು ಬಲ್ಲವನು ಬರೆದ ನಿಯಮ ಅದು. ಪುಸ್ತಕ ಓದಿ ಬರೆದದ್ದಲ್ಲ.

ಸಂಘಮಿತ್ರ ಅರ್ಧ ಗಂಟೆ ಜಗಳವಾಡಿದಳು. ಅವನು ಒಂದು ಸಲವೂ ದನಿ ಏರಿಸಲಿಲ್ಲ. ಕೊನೆಗೆ ಜೇಬಿನಿಂದ ಬಿಳಿ ದಾರ ತೆಗೆದು, ಅವಳ ಬೀಜದಿಂದ ಕಡಲೆಕಾಯಿವರೆಗೆ ಬಿಗಿಯಾಗಿ ಹಿಡಿದ. ದಾರ ಬೆಂಕಿಪೊಟ್ಟಣಕ್ಕೆ ತಾಗಿತು.

‘ಅಬ್ಬಾ... ಎಷ್ಟು ಖಚಿತ ಇವನು!’ ಸೋತವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮೆಚ್ಚುಗೆ.

ಆಮೇಲೆ ಭಾನುವಾರ ಯಾವಾಗ ಬರುತ್ತದೆ ಅಂತ ಕಾಯತೊಡಗಿದಳು. ಅವನು ಹುಲಿಯ ಹೆಜ್ಜೆ ಬಗ್ಗೆ ಮಾತಾಡಿದರೆ ಮೇಜಿನ ಸುತ್ತ ಉಸಿರು ನಿಲ್ಲುತ್ತಿತ್ತು. ಯಾರು ತಪ್ಪಾಡಿದರೂ ಗೇಲಿ ಮಾಡುತ್ತಿರಲಿಲ್ಲ. ಇಷ್ಟು ಒಳ್ಳೆಯ ಮನುಷ್ಯನನ್ನು ಅವಳು ಹತ್ತಿರದಿಂದ ನೋಡಿಯೇ ಇರಲಿಲ್ಲ. ಪ್ರೀತಿ ಅಂತ ಒಪ್ಪಿಕೊಳ್ಳಲು ಎರಡು ತಿಂಗಳು ಬೇಕಾಯಿತು, ಮೇಡಂ ಅಲ್ಲವೇ, ಲೆಕ್ಕ ತಾಳೆಯಾಗಬೇಕು!

ಆದರೆ ಒಂದು ಮಾತ್ರ ಚುಚ್ಚುತ್ತಿತ್ತು. ಅವಳನ್ನು ಕರೆತಂದ ಗೆಳತಿ ರೂಪಶ್ರೀ ಈಟಿ ಎಸೆದರೆ ಅಡ್ಡ ಇದೆಯೋ ಇಲ್ಲವೋ ಚೆನ್ನ ಒಮ್ಮೆ ನೋಡಿ ಹೇಳಿಬಿಡುತ್ತಿದ್ದ. ರೂಪಶ್ರೀಯ ಅಣ್ಣ ಸಾಗರ್ ಕವಣೆ ಬೀಸಿದರೂ ಕಣ್ಣಳತೆಯೇ. ಸಂಘಮಿತ್ರ ಬಿಲ್ಲೆತ್ತಿದರೆ ಮಾತ್ರ ದಾರ ಹೊರಬರುತ್ತಿತ್ತು. ಪ್ರತಿ ಸಲ.

‘ನಾನು ಮೋಸ ಮಾಡ್ತೀನಿ ಅಂದುಕೊಂಡಿದ್ದಾನಾ?’

ಹನ್ನೊಂದನೆಯ ಭಾನುವಾರ ಅದು ಸಿಡಿದೇಹೋಯಿತು.

ಕೋಟೆ ಬಾಗಿಲಲ್ಲಿ ರೂಪಶ್ರೀಯ ಪಾತ್ರ, ಎರಡು ವರ್ಷದಿಂದ ಅವಳು ಸಾಕಿಕೊಂಡು ಬಂದ ವೀರವನಿತೆ, ಕೊನೆಯುಸಿರಿನಲ್ಲಿ ನಿಂತಿದ್ದಳು. ಎದುರಿಗೆ ಶತ್ರುಗಳ ನಾಯಕ. ಸಂಘಮಿತ್ರ ಬಾಣ ಬಿಡಬೇಕು. ಬಯಲಾದರೆ ಹದಿಮೂರು ಬಿದ್ದರೆ ಸಾಕು. ಗೆಳತಿ ಅಡ್ಡವಿದ್ದರೆ ಹದಿನೈದು ಬೇಕು. ಅವೆರಡರ ನಡುವಿನ ಅಂಕ ಬಿದ್ದರೆ ಬಾಣ ಅಡ್ಡ ನಿಂತವಳಿಗೇ ತಾಗುತ್ತದೆ. ದಾರಿ ಬಯಲೇ ಇದೆ ಎಂದಳು ಸಂಘಮಿತ್ರ. ಚೆನ್ನ ದಾರ ಹಿಡಿದ. ಅದು ರೂಪಶ್ರೀಯ ಹುಣಸೆಬೀಜದ ಅಂಚಿಗೆ ಒಂದೇ ಒಂದು ಕೂದಲೆಳೆಯಷ್ಟು ತಾಗಿತು. ಆದರೂ ಬಿಡುತ್ತೇನೆ ಎಂದು ಹಟದಿಂದ ದಾಳ ಉರುಳಿಸಿದಳು.

ಹದಿನಾಲ್ಕು.

ಸಾಗರ್, ಹೋಗ್ಲಿ ಬುಡು ಕಣ್ಲಾ, ಅಷ್ಟಕ್ಕೆಲ್ಲ ಯಾಕೆ ಅಂದ. ಚೆನ್ನ ತಲೆ ತಗ್ಗಿಸಿಕೊಂಡೇ, ದಾರ ತಾಗಿದೆ ಎಂದ. ರೂಪಶ್ರೀಯ ವೀರವನಿತೆ ಗೆಳತಿಯ ಬಾಣಕ್ಕೇ ಉರುಳಿದಳು.

ಸಂಘಮಿತ್ರಳ ಕಣ್ಣು ತುಂಬಿ ಬಂತು.

“ಎಲ್ಲರಿಗೂ ಕಣ್ಣಳತೆ. ನನಗೆ ಮಾತ್ರ ದಾರ. ಯಾಕೆ?”

ಅವನು ನೋಟ್‌ಬುಕ್ಕಿನ ಅಂಚನ್ನು ಬೆರಳಲ್ಲಿ ಉಜ್ಜುತ್ತ ಕೂತ. ಅವಳು ಬ್ಯಾಗೆತ್ತಿಕೊಂಡು ಹೊರಟೇಬಿಟ್ಟಳು.

ಮೂರು ಭಾನುವಾರ ಕಳೆದವು. ಅವಳು ಹೋಗಲಿಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ, ತಿದ್ದಿದ್ದನ್ನೇ ಮತ್ತೆ ತಿದ್ದುತ್ತ ಕೂತಳು. ಒಬ್ಬ ಮನುಷ್ಯನನ್ನು ಅಷ್ಟು ಮೆಚ್ಚಿ, ಅವನ ಕಣ್ಣಲ್ಲಿ ತಾನು ಮೋಸಗಾತಿ ಎಂದುಕೊಳ್ಳುವುದು... ಸುಲಭವಾ, ನೀವೇ ಹೇಳಿ.

ನಾಲ್ಕನೆಯ ವಾರ ರೂಪಶ್ರೀ ಸ್ಕೂಲಿಗೇ ಬಂದಳು. ಸತ್ತವಳ ಜಾಗಕ್ಕೆ ಹೊಸ ಪಾತ್ರ ಆಗಲೇ ರೆಡಿ, ಆಟ ಅಂದಮೇಲೆ ಸಾಯೋದೂ ಇರುತ್ತೆ ಅಂತ ನಕ್ಕಳು. ಈ ಭಾನುವಾರವೂ ಬರದಿದ್ದರೆ ಬಿಲ್ಲುಗಾತಿಯ ಜಾಗ ಬೇರೆಯವರಿಗೆ ಹೋಗುತ್ತದೆ ಎಂದೂ ಹೇಳಿದಳು. ಆಮೇಲೆ ತುಸು ತಡೆದು ಇನ್ನೊಂದು ವಿಷಯ ಬಿಚ್ಚಿದಳು.

ಸಂಘಮಿತ್ರ ಹೊಸಬಳು, ಎರಡು ಮೂರು ಅಂಕ ರಿಯಾಯಿತಿ ಕೊಡೋಣ ಅಂತ ಮೊದಲ ವಾರವೇ ಇವರೆಲ್ಲ ಹೇಳಿದ್ದರಂತೆ. ಚೆನ್ನ ಒಪ್ಪಲಿಲ್ಲವಂತೆ. “ಅವ್ರೇ ಹೊಡೀತಾರೆ. ನಾವು ದಾನ ಕೊಟ್ರೆ ಅವ್ರ ಏಟು ಅವ್ರದ್ದಾಗಿ ಉಳಿಯಕ್ಕಿಲ್ಲ ಅಂದ ಕಣೇ.”

ಹೌದಲ್ಲ! ಇಷ್ಟು ದಿನ ತಾಗಿದ ಒಂದೊಂದು ಬಾಣವೂ ಕಡಿತವನ್ನೆಲ್ಲ ದಾಟಿ ತಾಗಿದ್ದು. ಯಾರೂ ಕೊಟ್ಟದ್ದಲ್ಲ. ಸಂಘಮಿತ್ರಳಿಗೆ ಎದೆಯುಬ್ಬಿ ಬಂತು, ಜೊತೆಗೇ ಅಳುವೂ ಬಂತು.

ಹಾಗಾದರೆ ದಾರ? ಅದೇನೋ ಗೊತ್ತಿಲ್ಲ, ಅವನನ್ನೇ ಕೇಳು ಎಂದಳು ರೂಪಶ್ರೀ.

ಭಾನುವಾರ ಅವಳು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೋದಳು. ಚೆನ್ನ ಒಬ್ಬನೇ ಮೇಜು ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೈಯಲ್ಲೇ ಉಳಿಯಿತು.

“ನಾನು ಮೋಸ ಮಾಡ್ತೀನಿ ಅಂತ ಅನಿಸಿತ್ತಾ ನಿಮಗೆ?” ಅವಳು ನೇರವಾಗಿ ಕೇಳಿದಳು.

“ಅಯ್ಯೋ, ಇಲ್ಲ ಕಣ್ರೀ.” ಅವನು ಬಟ್ಟೆ ಮಡಿಸಿಟ್ಟ. “ಮೋಸ ಮಾಡ್ತಿದ್ದಿದ್ದು ನನ್ ಕಣ್ಣು.”

“ಅಂದ್ರೆ?”

“ಬೇರೆಯೋರದ್ದು ನೋಡುದ್ರೆ ಇದ್ದಂಗೆ ಕಾಣ್ತದೆ. ನೀವು ಬಿಲ್ಲು ಎತ್ತುದ್ರೆ... ಮರ ಇದ್ರೂ ಬಯಲಂಗೇ ಕಾಣ್ತದೆ. ನೀವು ಗೆಲ್ಲಲಿ ಅಂತ್ಲೇ ನೋಡ್ತದೆ ಅದು. ಅಂಥ ಕಣ್ಣ ನಂಬ್ಕೊಂಡು ನ್ಯಾಯ ಹೇಳಕ್ಕಾಯ್ತದಾ? ಅದುಕ್ಕೇ ದಾರ.”

ಸಂಘಮಿತ್ರ ಮೇಜಿನ ಅಂಚು ಹಿಡಿದುಕೊಂಡಳು. ಇಡೀ ಜಗತ್ತಿನಲ್ಲಿ ಇಂಥ ಪ್ರೇಮನಿವೇದನೆ ಯಾವ ಹೆಣ್ಣಿಗಾದರೂ ಸಿಕ್ಕಿದೆಯೋ ಇಲ್ಲವೋ!

“ಆವತ್ತೇ ಯಾಕೆ ಹೇಳಲಿಲ್ಲ?”

“ನೀವು ಟೀಚರು. ನಾನು ಹಾಡಿಯೋನು. ಹೇಳಿ ನಿಮ್ಮನ್ನ ಕಳ್ಕೊಳ್ಳೋಕಿಂತ, ಹೇಳ್ದೆ ಭಾನುವಾರ ಭಾನುವಾರ ನೋಡಾದೇ ವಾಸಿ ಅನ್ಕೊಂಡೆ.”

“ಹೇಳದೇ ಇದ್ದಿದ್ದಕ್ಕೇ ಮೂರು ಭಾನುವಾರ ಕಳಕೊಂಡ್ರಿ.” ಅವಳು ಕಣ್ಣೊರೆಸಿಕೊಂಡಳು. “ನಾನೂ ಕಳಕೊಂಡೆ. ನಿಮ್ಮಷ್ಟು ನೇರ ಇರೋ ಮನುಷ್ಯನನ್ನ ನಾನು ನೋಡೇ ಇಲ್ಲ ಚೆನ್ನ. ನನಗೆ ನೀವೇ ಬೇಕು.”

ಕಾಡಾನೆಯ ಎದುರು ನಿಂತವನು, ಈ ಹುಡುಗಿಯ ಎದುರು ಕಣ್ಣೀರು ಮುಚ್ಚಿಡಲಾರದೆ ಹೋದ.

“ಇನ್ಮೇಲೂ ನಿಮ್ಮ ಅಂಕ ಕಳೀತೀನಿ ಮತ್ತೆ,” ಎಂದ ಕಷ್ಟಪಟ್ಟು.

“ಕಳೀರಿ. ನಾನು ಜಗಳ ಆಡ್ತೀನಿ.”

“ಎಷ್ಟು ದಿನ?”

“ನೀವು ಎಷ್ಟು ದಿನ ಜೊತೇಲಿ ಇಟ್ಕೋತೀರೋ ಅಷ್ಟು ದಿನ.”

“ಅಂಗಾರೆ,” ಎಂದು ಚೆನ್ನ ಅವಳ ಕೈ ಹಿಡಿದ, “ಮುದುಕಿ ಆಗೋಗಂಟ ಜಗಳ ಆಡಿ.”