ಗುಡ್ಡೆಗೆ ನೀರು ಬಂದ ಬಗೆ

ಪಡುಬಂದರು ಮಹಾನಗರ ಪಾಲಿಕೆಯ ಸಂಕಟಮಾಪಕ ಆ ಬೆಳಿಗ್ಗೆಯೂ ಚುರುಕಾಗಿ ಕೆಲಸ ಮಾಡಿತು. ಭೂಪಟದಲ್ಲಿ ಬಲ್ಲಾಳಗುಡ್ಡೆ ವಾರ್ಡು ಕೆಂಪಾಯಿತು; ಕಡಲನೀರನ್ನು ಸಿಹಿ ಮಾಡುವ ಸ್ಥಾವರದ ಕವಾಟ ತಾನಾಗಿ ತೆರೆದುಕೊಂಡಿತು; ಗುಡ್ಡದ ನೆತ್ತಿಯ ನಲ್ಲಿಗಳಲ್ಲೂ ನೀರು ಧಾರಾಳವಾಗಿ ಸುರಿಯಿತು.

ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಅಳಿವೆ, ನಡುವೆ ಗುಡ್ಡಗಳು. ಇಂಥ ಊರಿನಲ್ಲಿ ನೀರು ಹಂಚುವುದೆಂದರೆ ಮೊದಲಿನಿಂದಲೂ ಜಗಳವೇ. ಪಾಲಿಕೆಯ ಸಭೆಯಲ್ಲಿ ಯಾರ ಗಂಟಲು ದೊಡ್ಡದೋ ಅವರ ವಾರ್ಡಿಗೆ ನೀರು. ಈ ರಗಳೆ ಮುಗಿಸಲೆಂದೇ ವಿಜ್ಞಾನಿ ಡಾ. ಫ್ಲೇವಿಯಾ ಲೋಬೊ ಯಂತ್ರವನ್ನು ಕಟ್ಟಿದ್ದರು. ನಲ್ಲಿಯ ಪಕ್ಕದ ಸಂವೇದಕ ಮನೆಯವರ ಎದೆಬಡಿತ, ಉಸಿರಾಟಗಳಿಂದ ಅವರ ಸಂಕಟವನ್ನು ಅಳೆಯುತ್ತದೆ. ಸಂಕಟ ಹೆಚ್ಚಿರುವ ವಾರ್ಡಿಗೆ ನೀರೂ ಹೆಚ್ಚು.

ಆದರೆ ಬಲ್ಲಾಳಗುಡ್ಡೆಯ ಸದಸ್ಯ ದೂಮಪ್ಪ ಸಾಲ್ಯಾನರಿಗೆ ತಮ್ಮ ನಲ್ಲಿಯ ನೀರು ಕಂಡರೆ ತಾನೆ! ಅವರ ಕಣ್ಣೆಲ್ಲ ಗುಡ್ಡದ ಬುಡದ ಹೊಸಬೆಂಗ್ರೆ ವಾರ್ಡಿನ ಮೇಲೆ. ಅಲ್ಲಿನ ಸದಸ್ಯೆ ರೇವತಿ ಕರ್ಕೇರ ದೂಮಪ್ಪನವರ ಜತೆಗೇ ಪಾಲಿಕೆಯ ಮೆಟ್ಟಿಲು ಹತ್ತಿದವರು. ಹೊಸಬೆಂಗ್ರೆಗೆ ತೇಲುವ ಮಾರುಕಟ್ಟೆ ಬಂತು, ಕಡಲಂಚಿನ ನಡೆದಾರಿ ಬಂತು, ಮೊನ್ನೆ ದೀಪದ ಸಾಲು ಬೇರೆ. ಒಂದೊಂದು ದೀಪವೂ ದೂಮಪ್ಪನವರ ಎದೆಯಲ್ಲೇ ಉರಿಯಿತು. ಮನುಷ್ಯ ಕೆಟ್ಟವರೇನಲ್ಲ; ಆದರೆ ರೇವತಿಯ ಹೆಸರು ಕಿವಿಗೆ ಬಿದ್ದರೆ ಅನ್ನ ಗಂಟಲಲ್ಲಿ ಇಳಿಯದು. ಮೇಯರನ್ನು ಜನರೇ ಆರಿಸುವ ಚುನಾವಣೆಗೆ ಅವರಿಬ್ಬರೂ ನಿಂತರು. ಆ ಕುರ್ಚಿಯೊಂದು ಸಿಕ್ಕಿದರೆ ಜನ್ಮದಲ್ಲಿ ಬೇರೇನೂ ಬೇಡವೆಂದು ದೂಮಪ್ಪ ಹರಕೆ ಹೊತ್ತರು.

ಯಂತ್ರ ಹೊಸಬೆಂಗ್ರೆಗೆ ಪಕ್ಷಪಾತ ಮಾಡುತ್ತಿದೆಯೆಂದು ಅವರು ಲೋಬೊ ಅವರಲ್ಲಿ ದೂರಿದರು. ಲೋಬೊ ಭೂಪಟವನ್ನು ಹಿಗ್ಗಿಸಿ ತೋರಿಸಿದರು. ಗುಡ್ಡೆಯ ಮನೆಗಳೆಲ್ಲ ಹಸಿರು. ದೂಮಪ್ಪನವರ ಮನೆಯೊಂದೇ ಕೆಂಡದ ಹಾಗೆ ಕೆಂಪು.

"ಇದು ಬಾಯಾರಿಕೆ ಅಲ್ಲ ಸಾಲ್ಯಾನರೇ, ಹೊಟ್ಟೆಕಿಚ್ಚು. ಯಂತ್ರಕ್ಕೆ ಎರಡೂ ಒಂದೇ. ನಿಮ್ಮೊಬ್ಬರ ಉರಿಗೆ ಇಡೀ ವಾರ್ಡಿನ ಲೆಕ್ಕ ಏರ್ತಾ ಉಂಟು."

ಬೇರೆಯವರಾಗಿದ್ದರೆ ನಾಚಿ ತಲೆ ತಗ್ಗಿಸುತ್ತಿದ್ದರು. ದೂಮಪ್ಪ ಉಬ್ಬಿಹೋದರು. ಪ್ರಚಾರದುದ್ದಕ್ಕೂ ಅದೇ ಮಾತು: ನನ್ನ ಹೊಟ್ಟೆ ಉರಿದದ್ದಕ್ಕೇ ನಿಮ್ಮ ಕೊಡ ತುಂಬಿದ್ದು. ಗುಡ್ಡೆಯ ಜನ ಬಹಳ ಗಮನವಿಟ್ಟು ಕೇಳಿದರು.

ರೇವತಿ ಗೆದ್ದರು. ಗೆಲ್ಲಿಸಿದ್ದು ಬಲ್ಲಾಳಗುಡ್ಡೆಯ ಮತಗಳೇ.

ದೂಮಪ್ಪ ನೇರವಾಗಿ ಪಕ್ಕದ ಮನೆಗೆ ಹೋದರು. ಮೀನು ಮಾರುವ ಗುಲಾಬಿ ದೂಮಪ್ಪನವರನ್ನು ಅಣ್ಣನೆಂದೇ ನಂಬಿದವರು.

"ಗುಲಾಬಿಯಕ್ಕ, ನೀವು ಸಹ ಅವಳಿಗೇ ಹಾಕಿದ್ದಾ?" ಎಂದು ಬಾಗಿಲಲ್ಲೇ ನಿಂತು ಕೇಳಿದರು.

ಗುಲಾಬಿ ಸುಳ್ಳು ಹೇಳಲಿಲ್ಲ. ಅವರನ್ನು ಕೂರಿಸಿ, ಬೆಲ್ಲ ನೀರು ತಂದು ಮುಂದಿಟ್ಟರು.

"ಎಂತ ಮಾಡುದು ದೂಮಣ್ಣ. ಗೆದ್ರೆ ನಿಮ್ಮ ಹೊಟ್ಟೆ ತಣ್ಣಗಾಗ್ತದೆ. ಮತ್ತೆ ನೀರಿಗೆ ನಾವೆಲ್ಲ ಸಂಕಟ ಪಡಬೇಕಲ್ವಾ?"