ಕೊಕ್ಕರೆ ಪಲ್ಟಣದ ಬಿಲ್ಲೆ

ಗಾಜಿನ ಪೆಟ್ಟಿಗೆಯೊಳಗೆ ಬಿಲ್ಲೆಗಳೆಲ್ಲ ಕಪ್ಪಗಿದ್ದವು. ಒಂದು ಮಾತ್ರ ಫಳಫಳ ಹೊಳೆಯುತ್ತಿತ್ತು.

“ಇದು ನನ್ನದಲ್ಲ,” ಎಂದ ದರ್ಜಿ. “ಅಸಲಿ ಹೊಡ್ಕೊಂಡು ನಕಲಿ ಇಟ್ಟಿದ್ದಾರೆ ಮೇಡಂ.”

ಇನ್ಸ್‌ಪೆಕ್ಟರಮ್ಮ ಬಗ್ಗಿ ನೋಡಿದಳು. ಸೈನಿಕರ ಟೋಪಿಯ ಬಿಲ್ಲೆ. ಎರಡು ಈಟಿಗಳ ನಡುವೆ ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಕೊಕ್ಕರೆ ಗುರುತಿನ ಆ ಸೇನಾ ಪಲ್ಟಣವನ್ನು ಮುಚ್ಚಿ ಎಷ್ಟೋ ಕಾಲವಾಗಿತ್ತು. ಸೈನಿಕರ ಬಟ್ಟೆ ಹೊಲಿದೇ ಮುದುಕನಾದ ದರ್ಜಿಗೆ ಇಂಥ ಬಿಲ್ಲೆಗಳೆಂದರೆ ಪ್ರಾಣ.

“ಎಲ್ಲಿ ಕೊಂಡಿದ್ರಿ?”

“ಯಾವುದೋ ಸಂತೇಲಿ. ಇಷ್ಟು ದಿನ ಟ್ರಂಕಲ್ಲೇ ಇತ್ತು. ಮೊನ್ನೆ ತಾನೇ ಹೊರಗಿಟ್ಟೆ.”

“ಯಾರ ಮೇಲೆ ಅನುಮಾನ?”

“ಇನ್ಯಾರು? ಗುಜರಿಯವನು. ಅವನಿಗೂ ಬಿಲ್ಲೆ ಹುಚ್ಚು. ಬಂದು ನೋಡ್ತಾ ನಿಂತೋನು ರೆಪ್ಪೆ ಬಡೀಲಿಲ್ಲ.”

“ಬೀಗ ಮುರಿದಿಲ್ಲ.”

“ಕೀಲಿ ನನ್ನ ಅಂಗಿ ಜೇಬು ಬಿಟ್ಟು ಅಲ್ಲಾಡಲ್ಲ.”

ದರ್ಜಿಯ ಅಕ್ಕ ಹಿತ್ತಾಳೆ ಲೋಟದಲ್ಲಿ ನೀರು ತಂದಿಟ್ಟಳು. ಲೋಟದಲ್ಲಿ ಮುಖ ಕಾಣುತ್ತಿತ್ತು; ಅಂಚಲ್ಲಿ ಬೆಳಗಿದ ಬಿಳಿ ಪುಡಿ ಉಳಿದಿತ್ತು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ.

*

“ನನ್ನ ಹೆಸರೇ ಹೇಳಿದ್ನಾ?” ಗುಜರಿಯವನು ನಕ್ಕ. “ಮಳೆ ಬರದಿದ್ರೂ ಅವನು ನನ್ನ ಮೇಲೇ ದೂರು ಕೊಡೋನು.”

ಇನ್ಸ್‌ಪೆಕ್ಟರಮ್ಮ ಕೊಟ್ಟ ಬಿಲ್ಲೆಯನ್ನು ತಿರುಗಿಸಿ ನೋಡಿದ. ನಗು ನಿಂತಿತು.

“ನಕಲಿ ಅಂದ್ರೆ ಎರಕ, ಬೆನ್ನು ಸಪಾಟು. ಇದು ಅಚ್ಚೊತ್ತಿದ್ದು. ಮುಂದೆ ಕೊಕ್ಕರೆ ಉಬ್ಬು, ಹಿಂದೆ ತಗ್ಗು. ತಗ್ಗಲ್ಲಿ ಹಳೇ ಕಿಲುಬು ಹಾಗೇ ಇದೆ. ಅಪ್ಪಟ ಅಸಲಿ ಮೇಡಂ. ಯಾರೋ ಪುಣ್ಯಾತ್ಮರು ಮುಖ ಉಜ್ಜಿದ್ದಾರೆ. ಕೊಕ್ಕರೆ ಕಾಲಲ್ಲಿ ಒಂದು ಗೀರು ಬೇರೆ. ಹಳೇದು.”

“ಉಜ್ಜಿದ್ದು ನೀವಲ್ಲ ತಾನೆ?”

“ಬಿಲ್ಲೆ ಬಲ್ಲೋರು ಯಾರೂ ಉಜ್ಜಲ್ಲ. ಉಜ್ಜಿದ್ರೆ ಮುಪ್ಪು ಹೋಗುತ್ತೆ. ಬೆಲೆ ಇರೋದೇ ಮುಪ್ಪಿಗೆ.”

*

ಇನ್ಸ್‌ಪೆಕ್ಟರಮ್ಮ ಬಿಲ್ಲೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟಳು.

“ಬಿಲ್ಲೆ ಅದೇ. ಯಾರೂ ಬದಲಾಯಿಸಿಲ್ಲ. ತೆಗೆದು, ಉಜ್ಜಿ, ವಾಪಸ್ ಇಟ್ಟಿದ್ದಾರೆ. ಜೇಬಿನ ಕೀಲಿ ಸಿಗೋದು ಅಂಗಿ ಒಗೆಯೋರಿಗೆ. ಲೋಟದ ಅಂಚಲ್ಲಿರೋ ಬಿಳಿ ಪುಡೀನೇ ಕೊಕ್ಕರೆ ರೆಕ್ಕೆ ಸಂದೀಲೂ ಇದೆ.” ಅವಳು ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದಳು. “ಇಷ್ಟು ಬಿಲ್ಲೆಗಳಲ್ಲಿ ಇದೊಂದನ್ನೇ ಯಾಕೆ ಉಜ್ಜಿದ್ರಿ, ಅಮ್ಮಾ?”

“ಗೀರು ಇದೆಯಾ ಅಂತ ನೋಡೋಕೆ.”

ದರ್ಜಿಯ ಕೈಯಿಂದ ಕತ್ತರಿ ಜಾರಿತು.

“ನನ್ನ ಮಗ ಇದೇ ಪಲ್ಟಣದಲ್ಲಿದ್ದ,” ಎಂದಳು ಅಕ್ಕ. “ರಜೆಗೆ ಬಂದಾಗ ಅವನ ಬಿಲ್ಲೆ ನಾನೇ ಉಜ್ಜಿಕೊಟ್ಟೆ. ಮರಳು ಸಿಕ್ಕಿ ಕೊಕ್ಕರೆ ಕಾಲಿಗೆ ಗೀರು ಬಿತ್ತು. ಬೈದ. ಆಮೇಲೆ ನಕ್ಕ. ವಾಪಸ್ ಹೋದ ಮೇಲೆ ಸತ್ತ ಅಂತ ಸುದ್ದಿ ಬಂತು.”

“ಮಗನ ಸಾಮಾನು ತರೋಕೆ ಯಾರು ಹೋಗಿದ್ರು?”

“ಇವನೇ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದರ್ಜಿ ತಲೆಯೆತ್ತಲಿಲ್ಲ.

“ಆಸೆಗೆ ಬಿದ್ದೆ, ಅಕ್ಕಾ. ಪಲ್ಟಣ ಮುಚ್ತಾರೆ, ಇಂಥದು ಇನ್ನೊಂದು ಸಿಗಲ್ಲ ಅಂದ್ರು. ಈಗ ಕಪ್ಪಾಗಿದೆ, ನಿನಗೆ ಗುರುತು ಸಿಗಲ್ಲ ಅಂದ್ಕೊಂಡೆ.”

“ಕೇಳಿದ್ರೆ ಕೊಡ್ತಿದ್ದೆ. ಬಿಲ್ಲೆ ಬರಲಿಲ್ಲ ಅಂದೆಯಲ್ಲೋ ತಮ್ಮಾ.” ಅಕ್ಕ ಗೋಡೆಗೊರಗಿ ಕುಳಿತಳು. “ಶವದ ಪೆಟ್ಟಿಗೆ ತೆರೀಬೇಡಿ ಅಂದಿದ್ರು, ತಾಯಿ. ಮುಖ ನೋಡಲಿಲ್ಲ. ಬಿಲ್ಲೆ ಇಲ್ಲದೆ ನನ್ನ ಮಗ ಹೊಸ್ತಿಲು ದಾಟೋನಲ್ಲ. ಬಿಲ್ಲೆ ಇಲ್ಲ ಅಂದ್ಮೇಲೆ ಒಳಗಿರೋದು ಇನ್ಯಾವ ತಾಯಿಯ ಮಗನೋ, ನನ್ನೋನು ಎಲ್ಲೋ ಬದುಕಿದ್ದಾನೆ ಅಂತಲೇ ಇದ್ದೆ. ಗೀರು ಕಾಣದೇ ಇರಲಪ್ಪಾ ಅಂತ ಉಜ್ಜಿದೆ. ಕಂಡುಬಿಡ್ತು.”

ಇನ್ಸ್‌ಪೆಕ್ಟರಮ್ಮ ಟೋಪಿ ತೆಗೆದು ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. “ತಮ್ಮನ ಮೇಲೆ ದೂರು ಕೊಡ್ತೀರಾ, ಅಮ್ಮಾ?”

ಅಕ್ಕ ದೇವರ ಗೂಡಿನ ಕಡೆ ತಿರುಗಿದಳು.

“ಇಷ್ಟು ವರ್ಷ ದೇವರ ಮುಂದೆ ಕೂತು ಮಗನ್ನ ಕ್ಷೇಮವಾಗಿಡು ಅಂತ ಬೇಡ್ಕೊಂಡೆ. ಸದ್ಗತಿ ಕೊಡು ಅಂತ ಒಂದು ದಿನಾನೂ ಕೇಳಲಿಲ್ಲ. ನನ್ನ ಕೂಸು ಅಲ್ಲಿ ಆ ಮಾತಿಗೇ ಕಾಯ್ತಾ ಇತ್ತೋ ಏನೋ, ತಾಯಿ.”